ಅನುಕೂಲಸ್ಥರ ಮನೆ

ಕಾವೂರಿನ ನಮ್ಮ ಮನೆಯಲ್ಲಿ ಒಂದು ಫ್ರಿಜ್ ಇತ್ತು. ಅದರೊಳಗೆ ಅಜ್ಜಿಯ ಸೀರೆಗಳಿದ್ದವು. ಮೊಟ್ಟೆ ಇಡುವ ಗುಳಿಗಳಲ್ಲಿ ಅಮ್ಮನ ಹೇರ್‌ಪಿನ್, ನನ್ನ ಬಳೆ, ಅಂಗಿಯ ಗುಂಡಿಗಳು. ತರಕಾರಿಯ ಡಬ್ಬದಲ್ಲಿ ನನ್ನ ಶಾಲೆಯ ಪುಸ್ತಕ. ಬಾಗಿಲು ತೆರೆದರೆ ತಣ್ಣನೆ ಗಾಳಿಯ ಬದಲು ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಅಪ್ಪ ಸೌದಿಯಿಂದ ಮೊದಲ ಸಲ ರಜೆಯಲ್ಲಿ ಬಂದಾಗ ಪೇಟೆಯಿಂದ ತಂದು ಇಟ್ಟ ಫ್ರಿಜ್ ಅದು. ಎರಡು ವರ್ಷ ಚೆನ್ನಾಗಿಯೇ ಓಡಿತು, ಆಮೇಲೆ ಒಂದು ಸಂಜೆಯ ಸಿಡಿಲಿಗೆ ಅದರ ಜೀವ ಹೋಯಿತು. ರಿಪೇರಿಯವನು ಬಂದು ಹಿಂದಿನಿಂದ ಬಗ್ಗಿ ನೋಡಿ, ತಲೆಯಾಡಿಸಿ ಹೋದ. ಅಜ್ಜಿ ಅದನ್ನು ಗುಜರಿಗೆ ಕೊಡಲು ಒಪ್ಪಲಿಲ್ಲ. ಮಗ ತಂದದ್ದು. ಅದೂ ಅಲ್ಲದೆ ನಮ್ಮ ಅಡ್ಡರಸ್ತೆಯಲ್ಲಿ ಫ್ರಿಜ್ ಇದ್ದದ್ದು ನಮ್ಮಲ್ಲಿ ಮತ್ತು ಪಕ್ಕದ ಸ್ಟೆಲ್ಲಾ ಬಾಯಿಯ ಮನೆಯಲ್ಲಿ ಮಾತ್ರ. ದಿನಾ ಬೆಳಿಗ್ಗೆ ದೇವರಿಗೆ ದೀಪ ಇಟ್ಟಾದ ಮೇಲೆ ಅಜ್ಜಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಈ ಸತ್ತ ಫ್ರಿಜ್ಜಿನಿಂದಾಗಿ ನನ್ನ ಅಮ್ಮನ ಓದು ತಪ್ಪಿಹೋಗುವುದರಲ್ಲಿತ್ತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನನಗೆ ಇವತ್ತಿಗೂ ನಗು ಬರುವುದಿಲ್ಲ, ಸಿಟ್ಟೇ ಬರುತ್ತದೆ.

ಮನೆ ಎಂದರೆ ಒಂದು ಚಾವಡಿ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಕೆಂಪು ಸಿಮೆಂಟಿನ ನೆಲ. ಹತ್ತಿರದ ನಿಲ್ದಾಣದಲ್ಲಿ ವಿಮಾನ ಇಳಿಯುವಾಗ ಅಡುಗೆಮನೆಯ ಹಂಚುಗಳು ಸಣ್ಣಗೆ ಅದುರುತ್ತಿದ್ದವು, ಅಜ್ಜಿ ಪ್ರತಿ ಸಲವೂ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುತ್ತಿದ್ದಳು, ಆ ವಿಮಾನದಲ್ಲಿ ಮಗ ಇರಬಹುದೆಂಬಂತೆ. ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಬೂತಾಯಿ ಮೀನು ಅಗ್ಗವಾದ ದಿನ ಹಬ್ಬ. ಆದರೆ ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಮನೆ ವೇಷ ಬದಲಿಸುತ್ತಿತ್ತು. ಮೊದಲು ಬೆಲ್ಲ ನೀರು, ಆಮೇಲೆ ಚಹಾ, ಜೊತೆಗೆ ಎಲ್ಲಿಂದಲೋ ಪ್ರತ್ಯಕ್ಷವಾಗುವ ಚಕ್ಕುಲಿ. ಬಂದವರು ಹೋದ ಮೇಲೆ ಉಳಿದ ಚಕ್ಕುಲಿಯನ್ನು ಅಜ್ಜಿ ಮತ್ತೆ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುತ್ತಿದ್ದಳು, ನನಗೆ ಅರ್ಧ ಮುರಿದು ಕೊಟ್ಟರೆ ಹೆಚ್ಚು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಶಾಲೆಯಲ್ಲಿ ಕಲಿತ ದಿನ ನನಗೆ ಯಾರೂ ಅರ್ಥ ವಿವರಿಸಬೇಕಾಗಲಿಲ್ಲ. ಅಜ್ಜಿಯ ಪಾಲಿಗೆ ಅದು ಗಾದೆಯಲ್ಲ, ಮರ್ಯಾದೆ. ಈ ಮನೆಯ ಹಸಿವು ಈ ಮನೆಯ ಹೊಸ್ತಿಲು ದಾಟಬಾರದು ಎನ್ನುತ್ತಿದ್ದಳು.

ಹಸಿವು ದಾಟಲಿಲ್ಲ, ನಿಜ. ಹಾಗಾಗಿ ಅಪ್ಪನ ಕಂಪನಿ ಮುಚ್ಚುವ ಹಂತಕ್ಕೆ ಬಂದದ್ದು, ಸಂಬಳ ಇಲ್ಲದೆ, ಪಾಸ್‌ಪೋರ್ಟೂ ಕೈಯಲ್ಲಿಲ್ಲದೆ ಅವನು ಅಲ್ಲಿ ಸಿಕ್ಕಿಬಿದ್ದದ್ದು ಊರಿಗೆ ಗೊತ್ತಾಗಲಿಲ್ಲ. ಊರಿನ ಲೆಕ್ಕದಲ್ಲಿ ನಾವು ಗಲ್ಫಿನವರು. ಮನೆ ನಡೆಯುತ್ತಿದ್ದದ್ದು ಅಮ್ಮನಿಂದ. ಅವಳ ಹೆಸರು ವಾರಿಜ. ಪೇಟೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ರೋಗಿಗಳ ಬೆಡ್‌ಪ್ಯಾನ್ ತೆಗೆಯುವುದು, ನೆಲ ಒರೆಸುವುದು, ಸ್ಟ್ರೆಚರ್ ತಳ್ಳುವುದು. ಮದುವೆಗೆ ಮೊದಲು ಪಿಯುಸಿ ಪಾಸು ಮಾಡಿದ್ದಳು, ಅದೂ ವಿಜ್ಞಾನದಲ್ಲಿ. ಫಲಿತಾಂಶ ಬಂದ ತಿಂಗಳಲ್ಲೇ ಮದುವೆ. ಏಳು ವರ್ಷ ವಾರ್ಡಿನಲ್ಲಿ ಕೆಲಸ ಮಾಡುತ್ತ ಅವಳು ನರ್ಸುಗಳ ಕೈಯನ್ನೇ ನೋಡಿದ್ದಳು. ಯಾವ ಇಂಜೆಕ್ಷನ್ ಯಾವುದಕ್ಕೆ, ಡ್ರಿಪ್ ನಿಂತರೆ ಏನು ಮಾಡಬೇಕು, ಯಾವ ಜ್ವರ ಅಪಾಯದ್ದು, ಎಲ್ಲ ಗೊತ್ತಿತ್ತು. ಮುಟ್ಟುವ ಹಾಗಿರಲಿಲ್ಲ. ಹೊಸದಾಗಿ ಬಂದ ನರ್ಸ್ ಹುಡುಗಿಯರು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳುತ್ತಿದ್ದರಂತೆ, ಆಮೇಲೆ ಎಲ್ಲರೆದುರು ಅವಳಿಗೇ ನೆಲ ಒರೆಸಲು ಹೇಳುತ್ತಿದ್ದರಂತೆ. ಇದನ್ನು ಅವಳು ನಗುತ್ತ ಹೇಳುತ್ತಿದ್ದಳು. ಕೇಳುತ್ತಿದ್ದ ನನ್ನ ಕಿವಿ ಬಿಸಿಯಾಗುತ್ತಿತ್ತು.

ಅರ್ಜಿಯ ನಮೂನೆ ತಂದುಕೊಟ್ಟದ್ದು ವಾರ್ಡಿನ ಹಿರಿಯ ಸಿಸ್ಟರ್. ಓದು ಬಿಟ್ಟ ಹೆಂಗಸರು ಮತ್ತೆ ಓದಲು ಹೋಗುವುದಾದರೆ ನಗರದ ಒಂದು ಮಹಿಳಾ ಸಂಘ ಫೀಸು, ಪುಸ್ತಕ, ಸಮವಸ್ತ್ರ ಎಲ್ಲ ಕೊಡುತ್ತಿತ್ತು. ಓದು ಮುಗಿಯುವವರೆಗೆ ಮನೆಖರ್ಚಿಗೂ ತಿಂಗಳು ತಿಂಗಳು ಒಂದಿಷ್ಟು. ಮೂರು ವರ್ಷದ ನರ್ಸಿಂಗ್ ಕೋರ್ಸು. ಆದರೆ ಕೋರ್ಸಿಗೆ ಸೇರಲು ವಯಸ್ಸಿನ ಮಿತಿ ಇತ್ತು, ಅಮ್ಮನಿಗೆ ಉಳಿದದ್ದು ಅದೊಂದೇ ವರ್ಷ. ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಜೀವಮಾನವಿಡೀ ಬೆಡ್‌ಪ್ಯಾನ್. ಇದನ್ನು ಅವಳು ಅಜ್ಜಿಗೆ ಹೇಳಿದ್ದು ಗಂಜಿ ಬಡಿಸುವಾಗ, ಮುಖ ತಗ್ಗಿಸಿಕೊಂಡು. ತುಳುವಿನಲ್ಲಿ ಅತ್ತೆಯನ್ನು ಕರೆಯುವಂತೆ ಅವಳು ಅಜ್ಜಿಯನ್ನು ‘ಮಾಮಿ’ ಎನ್ನುತ್ತಿದ್ದಳು.

“ಮಾಮಿ, ನಾನು ನರ್ಸಿಂಗಿಗೆ ಹೋಗ್ತೇನೆ ಅಂತ ಉಂಟು. ಅರ್ಜಿ ಹಾಕಿದ್ದೇನೆ.”

“ಮಗಳು ಆರನೇ ಕ್ಲಾಸು, ತಾಯಿ ಫಸ್ಟ್ ಇಯರ್. ಎಂತ ನಾಟಕ ಇದು? ಊರು ನಗುದಿಲ್ವಾ?”

“ನಗ್ಲಿ. ನಕ್ಕವರು ನಮ್ಮ ಮನೆಗೆ ಅಕ್ಕಿ ತಂದು ಹಾಕ್ತಾರಾ?”

ಅಜ್ಜಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಸಂಘದವರು ಮನೆ ನೋಡಲು ಬರುತ್ತಾರೆ ಎಂಬ ಸುದ್ದಿ ತಿಳಿದದ್ದೇ ತಡ, ಸಿಟ್ಟೆಲ್ಲ ಮರೆತು ಎದ್ದು ನಿಂತಳು. ಮನೆಗೆ ಜನ ಬರುತ್ತಾರೆ! ಯಾಕೆ ಬರುತ್ತಾರೆ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ. ನಮ್ಮ ಯಾರ ತಲೆಗೂ ಹೋಗಲಿಲ್ಲ ಎಂಬುದೇ ಸರಿ. ಅಮ್ಮ ಕೂಡ ಒಳ್ಳೆಯ ಮನೆತನದವರು ಎಂದು ಕಂಡರೆ ಕೊಡುತ್ತಾರೆ ಎಂದೇ ತಿಳಿದಿದ್ದಳು. ಹೆಣ್ಣು ನೋಡಲು ಬರುವವರಿಗೆ ಮಾಡುವ ಹಾಗೆ ನಾವು ತಯಾರಿ ಮಾಡಿದೆವು. ಕಿಟಕಿಗೆ ಪರದೆ ಒಗೆದು ಹಾಕಿದೆವು. ಅಪ್ಪ ಕಳಿಸಿದ್ದ, ಯಾರೂ ಹೊದೆಯದೆ ಇಟ್ಟಿದ್ದ ಹುಲಿಯ ಚಿತ್ರದ ಕಂಬಳಿ ಮಂಚದ ಮೇಲೆ ಬಂತು. ಸ್ಟೆಲ್ಲಾ ಬಾಯಿಯ ಮನೆಯಿಂದ ಚಿನ್ನದ ಅಂಚಿನ ಆರು ಕಪ್-ಸಾಸರು, ಕೈಯಲ್ಲಿ ಹೆಣೆದ ಬಿಳಿ ಮೇಜುಬಟ್ಟೆ, ಎರಡು ಕುರ್ಚಿ ಬಂದವು. ಬೆಳಿಗ್ಗೆ ಅಜ್ಜಿ ನೀರುದೋಸೆಗೆ ಅಕ್ಕಿ ಅರೆದಳು, ಮತ್ತು ನಮ್ಮಲ್ಲಿದ್ದ ಒಂದೇ ಒಂದು ಮೊಟ್ಟೆಯಿಡುವ ಕೋಳಿಯನ್ನು ಕೊಂದಳು. ಆ ಕೋಳಿಯ ಮೊಟ್ಟೆ ನನಗೆ ವಾರಕ್ಕೆ ಎರಡು ಸಿಗುತ್ತಿತ್ತು. ಅತ್ತದ್ದಕ್ಕೆ ಬೆನ್ನ ಮೇಲೆ ಒಂದು ಬಿತ್ತು.

ಬಿಳಿ ಕಾರಿನಲ್ಲಿ ಮೂವರು ಬಂದರು. ಅವರಲ್ಲಿ ಮುಖ್ಯರಾದವರನ್ನು ಉಳಿದಿಬ್ಬರು ಮೇಡಂ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅಚ್ಚುಕಟ್ಟಾದ ಹತ್ತಿ ಸೀರೆ, ಕೈಯಲ್ಲಿ ಫೈಲು. ಕೆಟ್ಟ ಹೆಂಗಸಲ್ಲ, ನನ್ನ ಕೆನ್ನೆ ಮುಟ್ಟಿ ಹೆಸರು ಕೇಳಿದರು. ಅಜ್ಜಿ ಬೆಲ್ಲ ನೀರು ಕೊಟ್ಟಳು, ನೀರುದೋಸೆ ಮತ್ತು ಕೋಳಿಸಾರು ಬಡಿಸಿದಳು. ಮೇಡಂ ಡಯಟ್ ಎಂದು ಅರ್ಧ ದೋಸೆ ಮುಟ್ಟಿದರು, ಉಳಿದಿಬ್ಬರು ಬೆರಳು ನೆಕ್ಕಿಕೊಂಡು ಉಂಡರು. ಅಮ್ಮ ಪಿಯುಸಿಯ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಡಿಲಲ್ಲಿ ಹಿಡಿದು ಕಾಯುತ್ತಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಮೇಡಮ್ಮಿನ ಕಣ್ಣು ಚಾವಡಿಯನ್ನು ಸುತ್ತಿ ಬಂದು ಫ್ರಿಜ್ಜಿನ ಮೇಲೆ ನಿಂತಿತು. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂದು ಪಕ್ಕದವರಿಗೆ ಹೇಳಿ, ನನ್ನನ್ನು ಹತ್ತಿರ ಕರೆದರು.

“ನಿಮ್ಮ ಮನೆಯಲ್ಲಿ ಎಂತ ಎಲ್ಲ ಉಂಟು ಮಗಾ?”

“ಫ್ರಿಜ್ ಉಂಟು. ಟೇಪ್‌ರೆಕಾರ್ಡರ್ ಉಂಟು. ಸೌದಿಯ ಕಂಬಳಿ ಉಂಟು.”

“ಅಪ್ಪ ಎಲ್ಲಿದ್ದಾರೆ?”

“ಸೌದಿಯಲ್ಲಿ. ನನಗೆ ವಾಚ್ ತರ್ತಾರೆ.”

ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅಜ್ಜಿಯ ಮುಖ ಅರಳಿತು. ಅಮ್ಮನ ಮುಖ ಮಾತ್ರ ಆಗ ಬದಲಾಯಿತು. ಏನಾಗುತ್ತಿದೆ ಎಂದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿರಬೇಕು. ಬಾಯಿ ತೆರೆದಳು, ಅಜ್ಜಿಯನ್ನು ನೋಡಿದಳು, ಮುಚ್ಚಿದಳು. ಬಂದವರ ಎದುರಿನಲ್ಲಿ, ಅತ್ತೆ ದಿನಾ ಒರೆಸುವ ಫ್ರಿಜ್ ಕೆಟ್ಟುಹೋಗಿದೆ, ಅವಳ ಮಗ ಸಂಬಳವಿಲ್ಲದೆ ಕೂತಿದ್ದಾನೆ ಎಂದು ಹೇಳುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿರಲಿಲ್ಲ. ಮೇಡಂ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದ್ದರೆ ಸಾಕಿತ್ತು, ಅಜ್ಜಿಯ ಸೀರೆಗಳು ಕಾಲ ಮೇಲೆ ಬೀಳುತ್ತಿದ್ದವು. ಹಾಕಲಿಲ್ಲ. ಫೈಲಿನಲ್ಲಿ ಬರೆದುಕೊಂಡು ಹೋದರು. ಹದಿನೈದು ದಿನಕ್ಕೆ ಕಾಗದ ಬಂತು. ಮನೆ ಭೇಟಿಯ ವೇಳೆ ಕುಟುಂಬವು ಅನುಕೂಲಸ್ಥವೆಂದು ಕಂಡುಬಂದ ಕಾರಣ ಅರ್ಜಿಯನ್ನು ಪರಿಗಣಿಸಲಾಗಿಲ್ಲ. ಅನುಕೂಲಸ್ಥರು! ಆ ದಿನ ಮಧ್ಯಾಹ್ನ ನಮ್ಮಲ್ಲಿ ಗಂಜಿಗೆ ಚಟ್ನಿಯೂ ಇರಲಿಲ್ಲ, ಉಪ್ಪು ಹಾಕಿಕೊಂಡು ಕುಡಿದಿದ್ದೆವು.

ಅಮ್ಮ ಅಳಲಿಲ್ಲ. ಕಾಗದವನ್ನು ಹಿಡಿದುಕೊಂಡು ಸೀದಾ ಸ್ಟೆಲ್ಲಾ ಬಾಯಿಯ ಹತ್ತಿರ ಹೋದಳು, ನಾನು ಅವಳ ಸೆರಗು ಹಿಡಿದು ಹಿಂದೆಯೇ. ಸ್ಟೆಲ್ಲಾ ಬಾಯಿ ಬಟ್ಟೆ ಹೊಲಿಯುತ್ತಿದ್ದವರು, ಅವರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇಂಥ ಸಹಾಯಗಳ ಅರ್ಜಿ ತುಂಬಿಸಿ ಕೊಡುತ್ತಿದ್ದವರು. ಕಾಗದ ಓದಿ, ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

“ನನ್ನ ಕಪ್-ಸಾಸರು ನೀವು ಇದಕ್ಕಾ ತಕೊಂಡು ಹೋದದ್ದು? ನೆಂಟರು ಬರ್ತಾರೆ ಅಂತ ಗ್ರಹಿಸಿದ್ದೆ ಮಾರಾಯ್ತಿ!”

“ಜನ ಬರುವಾಗ ಮತ್ತೆ ಹೇಗೆ ಬಾಯಿ?”

“ಅವರು ಜನ ಅಲ್ಲ ವಾರಿಜ, ಕಮಿಟಿ. ಕಮಿಟಿಗೆ ಊಟ ಹಾಕುದಲ್ಲ, ಖಾಲಿ ಡಬ್ಬ ತೋರಿಸುದು.”

ಅಪ್ಪನ ಸಂಬಳ ನಿಂತದ್ದನ್ನೂ ಸೇರಿಸಿ ಅವರೇ ಮೇಲ್ಮನವಿ ಬರೆದುಕೊಟ್ಟರು, ಅವರೇ ಸಂಘದ ಕಚೇರಿಗೆ ಅಮ್ಮನ ಜೊತೆ ಎರಡು ಬಸ್ಸು ಹತ್ತಿ ಹೋದರು. ಮತ್ತೊಮ್ಮೆ ಬಂದು ನೋಡುತ್ತೇವೆ ಎಂಬ ಭರವಸೆ ಸಿಕ್ಕಿತು. ಈ ಸಲ ಮನೆಯನ್ನು ಸಿದ್ಧಮಾಡಿದ್ದು ಸ್ಟೆಲ್ಲಾ ಬಾಯಿ. ಪರದೆ ಇಳಿಯಿತು. ಕಂಬಳಿ, ಟೇಪ್‌ರೆಕಾರ್ಡರ್ ಅವರ ಮನೆಗೆ ಹೋದವು. ಕೆಟ್ಟದ್ದಾದರೂ ಫೈಲಿನಲ್ಲಿ ಫ್ರಿಜ್ ಫ್ರಿಜ್ಜೇ ಎಂದರು ಅವರು. ಫ್ರಿಜ್ಜಿನಿಂದ ಸೀರೆಗಳನ್ನೆಲ್ಲ ತೆಗೆದು ಗಂಟು ಕಟ್ಟಿ, ಅದರ ಅಡಿಗೆ ಗೋಣಿ ಹಾಸಿ, ಮೂವರೂ ಸೇರಿ ಎಳೆದೆವು. ಅಜ್ಜಿ ಕೈ ಹಾಕಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಮನೆಯಿಂದ ಹೆಣ ಹೊರಡುವಾಗ ನೋಡುವ ಹಾಗೆ ನೋಡಿದಳು.

“ನನ್ನ ಮಗ ತಂದದ್ದನ್ನು ಪಕ್ಕದ ಮನೆಯಲ್ಲಿ ಅಡಗಿಸಿ ಇಡ್ಬೇಕಾ? ನಾವು ಎಂತ, ಕಳ್ಳರಾ?”

“ಕಲ್ಯಾಣಿ ಅಕ್ಕ, ಎರಡು ದಿನದ ಮಟ್ಟಿಗೆ,” ಎಂದರು ಸ್ಟೆಲ್ಲಾ ಬಾಯಿ.

“ಎರಡು ದಿನ ಅಲ್ಲ ಬಾಯಿ. ಈ ಮನೆಯಲ್ಲಿ ಎಂತದೂ ಇಲ್ಲ ಅಂತ ಒಮ್ಮೆ ಜನ ನೋಡಿದ್ರೆ ಮತ್ತೆ ಯಾವತ್ತೂ ಇಲ್ಲವೇ.”

ನಾನು ಪೂರ್ತಿ ಅಜ್ಜಿಯ ಕಡೆ ಇದ್ದೆ. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅಮ್ಮನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಫ್ರಿಜ್ ಇರುವ ಹುಡುಗಿ ಎಂದು ಶಾಲೆಯಲ್ಲಿ ನನಗಿದ್ದ ಹೆಸರು ಗೋಣಿಯ ಮೇಲೆ ಕೂತು ಬೇಲಿ ದಾಟಿ ಹೋಗಿತ್ತು. ಫ್ರಿಜ್ ನಿಂತಿದ್ದ ಜಾಗದಲ್ಲಿ ನೆಲ ಚೌಕಾಕಾರವಾಗಿ ಹೊಸದರಂತೆ ಕೆಂಪಗೆ ಹೊಳೆಯುತ್ತಿತ್ತು. ಸ್ಟೆಲ್ಲಾ ಬಾಯಿ ಅದರ ಮೇಲೆ ಹರಿದ ಚಾಪೆ ಹಾಸಿದರು. ನನಗೆ ತೋಳಿನ ಹತ್ತಿರ ಬಿಟ್ಟುಹೋದ ಅಂಗಿ ಹಾಕಿಸಿದರು. ನನ್ನ ಬೇರೆ ಅಂಗಿಯೂ ಇದಕ್ಕಿಂತ ಚೆನ್ನಾಗೇನೂ ಇರಲಿಲ್ಲ, ಆದರೆ ಅದನ್ನು ಹೊಲಿದು ಸರಿಮಾಡಲಾಗಿತ್ತು. ನಮ್ಮ ಬಡತನ ಅದು, ದಿನಾ ನಮ್ಮ ಜೊತೆ ಉಂಡು ಮಲಗುತ್ತಿದ್ದದ್ದು. ಅದನ್ನೇ ನಾವು ಬಾಡಿಗೆಗೆ ತಂದವರ ಹಾಗೆ ಜೋಡಿಸಿ ಇಡಬೇಕಾಯಿತು.

ಮೇಡಂ ಒಬ್ಬ ಫೋಟೋಗ್ರಾಫರನ ಜೊತೆ ಬಂದರು. ಈ ಸಲ ಅವರಿಗೆ ಬೆಲ್ಲ ನೀರನ್ನೂ ಕೊಡಲಿಲ್ಲ. ಕೊಡಬಾರದೆಂದು ಸ್ಟೆಲ್ಲಾ ಬಾಯಿಯ ಕಟ್ಟಪ್ಪಣೆ. ಅಜ್ಜಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಬಂದವರಿಗೆ ನೀರು ಕೊಡದ ಪಾಪ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಮೇಡಂ ಸುತ್ತ ನೋಡಿದರು.

“ಇಲ್ಲಿ ಒಂದು ಫ್ರಿಜ್ ಇತ್ತಲ್ಲ?”

ಅಮ್ಮ ಉತ್ತರಿಸುವ ಮೊದಲೇ ಅವರು ನನ್ನ ಕಡೆ ತಿರುಗಿದರು. ಮಕ್ಕಳು ಸುಳ್ಳು ಹೇಳುವುದಿಲ್ಲವಲ್ಲ. ಅಮ್ಮ ನನ್ನನ್ನು ನೋಡಲಿಲ್ಲ, ಚಾಪೆಯನ್ನು ನೋಡುತ್ತ ನಿಂತಳು. ಅವಳ ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು, ಕವರು ಸಣ್ಣಗೆ ಸದ್ದು ಮಾಡುತ್ತಿತ್ತು. ಅದರ ಅಂಚನ್ನು ಅವಳು ಬೆರಳಿನಿಂದ ಮತ್ತೆ ಮತ್ತೆ ನೇರಮಾಡುತ್ತಿದ್ದಳು. ಎಷ್ಟೋ ರೋಗಿಗಳನ್ನು ಎತ್ತಿ ಮಲಗಿಸಿದ ಕೈ ಅದು.

“ಮಾರಿದೆವು,” ಎಂದೆ.

“ಛೆ, ಪಾಪ,” ಎಂದರು ಮೇಡಂ. ನನ್ನ ಜೀವನದ ಮೊದಲ ದೊಡ್ಡ ಸುಳ್ಳು, ಅದನ್ನು ಅವರು ಮರುಮಾತಿಲ್ಲದೆ ನಂಬಿದರು. ನಿಜ ಹೇಳಿದಾಗ ಅನುಕೂಲಸ್ಥರಾಗಿದ್ದ ನಾವು ಸುಳ್ಳು ಹೇಳಿದ ಕೂಡಲೇ ಅರ್ಹರಾದೆವು. ಆಮೇಲೆ ಅಮ್ಮನನ್ನೂ ನನ್ನನ್ನೂ ಒಲೆಯ ಹತ್ತಿರ ನಿಲ್ಲಿಸಿ ಫೋಟೋ ತೆಗೆಸಿದರು. ಕ್ಯಾಮೆರಾ ಕಂಡು ನಾನು ಹಲ್ಲು ಬಿಟ್ಟೆ.

“ನಗ್ಬೇಡ ಮಗಾ. ನಕ್ಕರೆ ಚಂದ ಬರುದಿಲ್ಲ,” ಎಂದರು ಮೇಡಂ.

ಹೊರಡುವ ಮೊದಲು ಅಮ್ಮ ತಾನಾಗಿಯೇ ಕವರು ಮುಂದೆ ಹಿಡಿದಳು. “ಮೇಡಂ, ಇದು ನನ್ನ ಮಾರ್ಕ್ಸ್ ಕಾರ್ಡ್. ಬಯಾಲಜಿಯಲ್ಲಿ ಫಸ್ಟ್ ಕ್ಲಾಸ್ ಉಂಟು.” ಮೇಡಂ ಅವಳ ಭುಜ ತಟ್ಟಿ, ಅದೆಲ್ಲ ಇರಲಿ ಎಂದು ಹೇಳಿ ಕಾರು ಹತ್ತಿದರು.

ಅದೆಲ್ಲ ಇರಲಿ! ಈ ಮಾತನ್ನು ನಾನು ಈಗಲೂ ಕೇಳುತ್ತೇನೆ. ಸುರತ್ಕಲ್ಲಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುವವಳು ನಾನು. ವಿದ್ಯಾರ್ಥಿವೇತನದ ಅರ್ಜಿಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಈಗ ಫೋಟೋಗ್ರಾಫರು ಬೇಡ, ಮೊಬೈಲಿನಲ್ಲಿಯೇ ಮನೆಯ ಚಿತ್ರ ಕಳಿಸಬೇಕು, ಒಳಗಿನದ್ದು, ಹೊರಗಿನದ್ದು, ಮಾಡಿನ ಹಂಚಿನದ್ದು. ಮಗಳ ಜೊತೆ ತಾನೂ ಓದಲು ಹೊರಟ ತಾಯಂದಿರು ಕೂಡ ಇದ್ದಾರೆ. ಅವರ ಕೈಯಲ್ಲೂ ಒಂದು ಹಳೆಯ ಅಂಕಪಟ್ಟಿ ಇರುತ್ತದೆ. ಕೊಡುವವರ ದುಡ್ಡು, ಕೇಳುವ ಹಕ್ಕು ಅವರಿಗುಂಟು ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ. ಕೇಳಲಿ, ಯಾರು ಬೇಡ ಎಂದರು? ಏನು ಓದಿದ್ದೀರಿ, ಯಾಕೆ ಬಿಟ್ಟಿರಿ, ಏನು ಓದಬೇಕೆಂದಿದ್ದೀರಿ ಎಂದು ಕೇಳಲಿ. ಒಬ್ಬ ಹೆಂಗಸಿನ ತಲೆಯಲ್ಲಿ ಏನಿದೆ ಎಂದು ತಿಳಿಯಲು ಅವಳ ಅಡುಗೆಮನೆಯ ಡಬ್ಬಗಳನ್ನು ಯಾಕೆ ತೆರೆಯಬೇಕು?

ಆಯ್ಕೆಯ ಕಾಗದ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅಮ್ಮ ಮನೆಯಲ್ಲಿದ್ದಳು. ತಾನು ಓದಿ, ಕಂಬಕ್ಕೆ ಒರಗಿ ನಿಂತು, ಅಜ್ಜಿಗೆ ಕೇಳುವಂತೆ ಗಟ್ಟಿಯಾಗಿ ಓದೆಂದು ನನ್ನ ಕೈಗೆ ಕೊಟ್ಟಳು. ‘ಕಾವೂರಿನ ಕಡು ಬಡತನದ ಕುಟುಂಬಕ್ಕೆ ಸೇರಿದ, ಹೊತ್ತಿನ ಊಟಕ್ಕೂ ಗತಿಯಿಲ್ಲದ ಶ್ರೀಮತಿ ವಾರಿಜ ಇವರನ್ನು ನರ್ಸಿಂಗ್ ವ್ಯಾಸಂಗದ ನೆರವಿಗೆ ಆಯ್ಕೆ ಮಾಡಲಾಗಿದೆ.’ ಓದುತ್ತಿದ್ದ ಹಾಗೆ ಅಜ್ಜಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಹೊತ್ತಿನ ಊಟಕ್ಕೂ ಗತಿ ಇಲ್ಲ. ನಮ್ಮ ಮನೆಯಿಂದ ಒಂದು ನಾಯಿ ಕೂಡ ಹಸಿದು ಹೋಗಿಲ್ಲ. ಇನ್ನು ನಾನು ಈ ಊರಿನಲ್ಲಿ ತಲೆ ಎತ್ತಿ ನಡೆಯುದು ಹೇಗೆ?”

ಗಂಜಿ ಬಡಿಸುವಾಗಿನ ಆ ಒಂದು ಮಾತು ಬಿಟ್ಟರೆ ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಆ ದಿನವೂ ಅವಳು ದನಿ ಏರಿಸಲಿಲ್ಲ.

“ಮಾಮಿ, ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸ್ ಅಂತ ನೀವು ಏಳು ವರ್ಷದಿಂದ ಊರಿಗೆಲ್ಲ ಹೇಳ್ತಾ ಇದ್ದೀರಿ. ನನಗೆ ಗೊತ್ತುಂಟು. ರೇಷನ್ ಅಂಗಡಿಯಲ್ಲಿ ನನ್ನನ್ನು ಸಿಸ್ಟರ್ ಅಂತ ಕರೀತಾರೆ. ಮಕ್ಕಳಿಗೆ ಜ್ವರ ಅಂತ ಮನೆಗೆ ಬಂದು ಕೇಳ್ತಾರೆ. ಒಂದು ದಿನ ಆದ್ರೂ ಅಲ್ಲ ಅಂತ ನಾನು ಹೇಳಿದ್ದೇನಾ? ನಿಮ್ಮ ಮರ್ಯಾದೆ ಹೋಗ್ತದೆ ಅಂತ ಬಾಯಿ ಮುಚ್ಚಿ ಕೂತೆ. ಅಲ್ಲಿ ಬೆಡ್‌ಪ್ಯಾನ್ ತೊಳೆದು ಇಲ್ಲಿ ಸಿಸ್ಟರ್ ಅಂತ ಕರೆಸಿಕೊಳ್ಳುವಾಗ ನನ್ನ ತಲೆ ಎಲ್ಲಿ ಇತ್ತು ಅಂತ ನೀವು ಕೇಳಿದ್ದೀರಾ? ಈಗ ನಾನು ನಿಜವಾಗಿ ಆಗ್ಲಿಕ್ಕೆ ಹೋಗ್ತಾ ಇದ್ದೇನೆ. ಅಷ್ಟೇ.”

ಅಜ್ಜಿ ಮೊರದಲ್ಲಿದ್ದ ಅಕ್ಕಿಯನ್ನು ಬೆರಳಿನಿಂದ ಒಂದು ಕಡೆಗೆ ತಳ್ಳಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

“ಬಾಲೆ, ಆ ಕಾಗದ ಇನ್ನೊಮ್ಮೆ ಓದು.”

ನಾನು ಮೊದಲಿನಿಂದ ಓದಿದೆ. ‘ಕಾವೂರಿನ’ ಎಂದು ಓದಿ ನಿಲ್ಲಿಸಿದೆ. ಅಜ್ಜಿಗೆ ನೋವಾಗದಿರಲಿ ಎಂದು ಮುಂದಿನ ಮಾತುಗಳನ್ನು ಹಾರಿಸಿ, ‘ಶ್ರೀಮತಿ ವಾರಿಜ ಇವರನ್ನು’ ಎಂದು ಮುಂದುವರಿದೆ. ಅಮ್ಮ ಕಂಬ ಬಿಟ್ಟು ಹತ್ತಿರ ಬಂದಳು. ಆ ಸಾಲಿನ ಮೇಲೆ ಬೆರಳಿಟ್ಟಳು.

“ಬಿಡ್ಬೇಡ. ಅದನ್ನೂ ಓದು.”

ಓದಿದೆ.